ಯಾವುದೋ ಹಾಡು ಬರುತ್ತಿತ್ತು

ಮಾಷ್ಟ್ರು ತೀರಿಕೊಂಡು ಹದಿನೈದು ದಿನವಾಗಿತ್ತೋ ಏನೋ, ಶಾಲೆಯ ಹಳೆ ವಿದ್ಯಾರ್ಥಿಗಳಿಬ್ಬರು ನನ್ನ ಅಂಗಡಿಗೆ ಬಂದರು. ನೆನಪಿನ ಸಂಚಿಕೆ ತರುತ್ತಾರಂತೆ. ಮಾಷ್ಟ್ರು ತಮ್ಮ ಪತ್ತೇದಾರಿ ಕಾದಂಬರಿಗಳನ್ನೆಲ್ಲ ಕಟ್ಟಿದ್ದು ಬೆಳ್ತಂಗಡಿಯ ನನ್ನ ರೇಡಿಯೋ ರಿಪೇರಿ ಅಂಗಡಿಯ ಬೆಂಚಿನ ಮೇಲೆ ಕುಳಿತು ಎಂದು ಯಾರೋ ಹೇಳಿದರಂತೆ. ಹಾಗಾಗಿ ನಾನೂ ಒಂದು ಪುಟ ಬರೆದುಕೊಡಬೇಕಂತೆ. ಅರ್ಧ ಪುಟ ಬರೆದುಕೊಟ್ಟೆ. ಮಾಷ್ಟ್ರು ಹೇಳಿದ ಹೊತ್ತಿಗೆ ಬರುತ್ತಿದ್ದರು, ಬಟ್ಟೆ ಶುಭ್ರವಾಗಿರುತ್ತಿತ್ತು, ಕಂಡಕಂಡಲ್ಲಿ ಉಗುಳುತ್ತಿರಲಿಲ್ಲ ಎಂದು ಬರೆದೆ. ಮೂರೂ ಸತ್ಯ. ಉಳಿದ ಸತ್ಯ ಸಂಚಿಕೆಗೆ ಹೊಂದುವಂಥದ್ದಲ್ಲ, ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಮನೆಯವರು ಬದುಕಿದ್ದಾರೆ, ಅವರು ನನಗೇನೂ ಮಾಡಿಲ್ಲ. ‘ಅವರು’ ಎಂದು ಬರೆಯುತ್ತಿರುವುದು ಮಾಷ್ಟ್ರುಗಳ ಬಗ್ಗೆ ಮಾತಾಡುವಾಗ ನಾಲಿಗೆಗೆ ಆಗಿಹೋದ ಅಭ್ಯಾಸ, ಗೌರವ ಎಂದು ಯಾರೂ ತಪ್ಪು ತಿಳಿಯಬಾರದು.

ಎಪ್ಪತ್ತರ ದಶಕದಲ್ಲಿ ಅವರು ನಮ್ಮ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದರು. ಬಿಳಿ ಪಂಚೆ, ಅರ್ಧ ತೋಳಿನ ಅಂಗಿ, ಕಂಕುಳಲ್ಲಿ ಕೊಡೆ. ಊರಿಡೀ ತುಳು ಮಾತಾಡುವಾಗ ಇವರು ಬಸ್ಸಿನ ಕಂಡಕ್ಟರನ ಹತ್ತಿರವೂ ‘ದಯವಿಟ್ಟು ಲಾಯಿಲದಲ್ಲಿ ನಿಲ್ಲಿಸಿ, ಇಳಿಯುತ್ತೇನೆ’ ಎಂದು ಪುಸ್ತಕದ ಕನ್ನಡದಲ್ಲಿ ಹೇಳುವವರು. ಚಹಾ ಕುಡಿದರೆ ನಿದ್ದೆ ಬರುವುದಿಲ್ಲ ಎಂದು ಸಂಜೆ ಬರೀ ಜೀರಿಗೆ ನೀರು. ಇಂಥ ಮನುಷ್ಯ ಮೂಡಬಿದ್ರೆಯ ಒಂದು ಸಣ್ಣ ಪ್ರೆಸ್ಸಿನಲ್ಲಿ ವರ್ಷಕ್ಕೆ ಎರಡು ಮೂರರಂತೆ ಕೊಲೆಯ ಕಾದಂಬರಿ ಅಚ್ಚು ಹಾಕಿಸುತ್ತಿದ್ದರು. ಕಥಾನಾಯಕ ಪತ್ತೇದಾರ ವಜ್ರಕಾಂತ. ಬೊಂಬಾಯಿಯ ಸೆಕೆಯಲ್ಲಿ ಉದ್ದ ಕೋಟು ಹಾಕಿಕೊಂಡು ತಿರುಗುತ್ತಾನೆ, ಯಾರನ್ನೂ ನಂಬುವುದಿಲ್ಲ, ಪೊಲೀಸರಿಗೆ ಬೆನ್ನು ಹಾಕಿ ಸಿಗರೇಟು ಹಚ್ಚುತ್ತಾನೆ. ಒಂದು ಪುಸ್ತಕದಲ್ಲಿ ಈ ವಜ್ರಕಾಂತ ವಿಸ್ಕಿಯನ್ನು ಊದಿ ಊದಿ ಕುಡಿದ. ನಾನು ಕೇಳಿದ್ದಕ್ಕೆ, ಅಷ್ಟು ಖಾರ ಇರುವ ವಸ್ತು ಬಿಸಿಯೂ ಇರಬೇಕಲ್ಲ ಎಂದರು.

ಮಾಷ್ಟ್ರು ಬೊಂಬಾಯಿ ನೋಡಿರಲಿಲ್ಲ. ಅಲ್ಲಿಂದ ಬಂದಿದ್ದ ಅವರ ಷಡ್ಡಕ ನಾಲ್ಕೈದು ಇಂಗ್ಲಿಷ್ ಪತ್ತೇದಾರಿ ಪುಸ್ತಕ ಬಿಟ್ಟುಹೋಗಿದ್ದ. ರಕ್ಷಾಪುಟ ಕಿತ್ತುಹೋದ, ಎಣ್ಣೆ ಕುಡಿದ ಪುಸ್ತಕಗಳು. ಅವನ್ನು ಅರ್ಧ ಅರ್ಥಮಾಡಿಕೊಂಡು ಓದಿ ಮಾಷ್ಟ್ರು ಒಂದು ಸಿದ್ಧಾಂತ ಕಂಡುಹಿಡಿದರು. ಆ ಪುಸ್ತಕಗಳಲ್ಲಿ ಪ್ರತಿ ಹೆಣದ ಹತ್ತಿರ ಒಂದು ಹಾಡು ಇರುತ್ತಿತ್ತಂತೆ. ಪಕ್ಕದ ಕೋಣೆಯಲ್ಲಿ ಗ್ರಾಮಾಫೋನು, ಬಾರಿನ ಮೂಲೆಯಲ್ಲಿ ವಾದ್ಯ, ಕಾರಿನಲ್ಲಿ ರೇಡಿಯೋ. ಅದೂ ನಿನ್ನೆ ಮೊನ್ನೆ ಬಂದ, ಎಲ್ಲರ ಬಾಯಲ್ಲಿರುವ ಹಾಡು. “ಹೆಣ ಒಂದು ಕಡೆ, ಪ್ರೇಮಗೀತೆ ಒಂದು ಕಡೆ. ಎರಡನ್ನೂ ಕೂಡಿಸಿದರೆ ಓದುಗ ನಡುಗುತ್ತಾನೆ” ಎನ್ನುತ್ತಿದ್ದರು. ಇದನ್ನು ಎಷ್ಟು ಸಲ ಹೇಳಿದ್ದರೆಂದರೆ ಅಂಗಡಿಗೆ ರೇಡಿಯೋ ತರುವ ಗಿರಾಕಿಗಳೂ ತಲೆ ಅಲ್ಲಾಡಿಸಲು ಕಲಿತಿದ್ದರು.

ಸಿದ್ಧಾಂತದಲ್ಲಿ ತಪ್ಪಿಲ್ಲ. ಕಷ್ಟವೆಂದರೆ ಮಾಷ್ಟ್ರಿಗೆ ಸಂಗೀತದ ಗಂಧ ಇರಲಿಲ್ಲ. ಎರಡು ಹಾಡು ಒಂದರ ಹಿಂದೆ ಒಂದು ಬಂದರೆ ಒಂದೇ ಹಾಡು ಉದ್ದವಾಗಿದೆ ಎಂದುಕೊಳ್ಳುವ ಕಿವಿ. ಮನೆಯಲ್ಲಿ ತಂದೆಯವರಿಗೆ ಸಿನಿಮಾ ಹಾಡು ಆಗದು ಎಂದು ರೇಡಿಯೋ ಇಟ್ಟಿರಲಿಲ್ಲ. ಹಾಗಾಗಿ ಸಂಜೆ ಶಾಲೆ ಬಿಟ್ಟ ಮೇಲೆ ನೋಟುಪುಸ್ತಕ ಹಿಡಿದು ನನ್ನ ಬೆಂಚಿಗೆ ಬರುತ್ತಿದ್ದರು. ಕೋರಿಕೆಯ ಚಿತ್ರಗೀತೆ ಶುರುವಾದರೆ ಪೆನ್ಸಿಲ್ ನೆಟ್ಟಗಾಗುತ್ತಿತ್ತು. ಪ್ರತಿ ಹಾಡಿಗೂ ನನ್ನ ಮುಖ ನೋಡಿ, ಇದು ದುಃಖದ್ದೋ ಸಂತೋಷದ್ದೋ ಎಂದು ಕೇಳುತ್ತಿದ್ದರು. ನಾನು ಕೈಯಲ್ಲಿದ್ದ ಬೆಸುಗೆ ಕಡ್ಡಿ ಕೆಳಗಿಟ್ಟು, ದುಃಖದ್ದು ಮಾಷ್ಟ್ರೇ, ಇದಕ್ಕೆ ವಿಷ ಹಾಕಬಹುದು, ಅದಕ್ಕೆ ಚೂರಿಯೇ ಸರಿ ಎಂದು ಸಲಹೆ ಕೊಡುತ್ತಿದ್ದೆ. ಅವರು ಬರೆದುಕೊಳ್ಳುತ್ತಿದ್ದರು. ಅವರ ಹತ್ತಾರು ಕೊಲೆಗಳಿಗೆ ಹಾಡು ಆರಿಸಿಕೊಟ್ಟವ ನಾನು. ಒಂದು ಪುಸ್ತಕದಲ್ಲೂ ನನ್ನ ಹೆಸರು ಬರಲಿಲ್ಲ, ಬರದೇ ಇದ್ದದ್ದು ಒಳ್ಳೆಯದೇ ಆಯಿತು.

ಆ ದಿನಗಳಲ್ಲಿ ನನ್ನನ್ನು ಕೇಳದೆ ಬರೆದದ್ದು ಒಮ್ಮೆ ಮಾತ್ರ. ಇಂಗ್ಲಿಷ್ ಪುಸ್ತಕದಲ್ಲಿ ಬಾರಿನಲ್ಲಿ ಸ್ಯಾಕ್ಸೋಫೋನ್ ಅಳುತ್ತಿತ್ತಂತೆ. ಮಾಷ್ಟ್ರಿಗೆ ಬಹಳ ಖುಷಿಯಾಯಿತು, ಯಾಕೆಂದರೆ ಅದೊಂದು ವಾದ್ಯ ಅವರು ಕಣ್ಣಾರೆ ಕಂಡದ್ದು. ನಮ್ಮ ಕಡೆ ಸ್ಯಾಕ್ಸೋಫೋನ್ ಎಂದರೆ ಮದುವೆಯ ವಾದ್ಯ. ಧಾರೆಗೆ ಅದಿಲ್ಲದಿದ್ದರೆ ಏನೋ ಕಡಿಮೆಯಾದಂತೆ. ಸರಿ, ಬೊಂಬಾಯಿಯ ಕತ್ತಲೆ ಬಾರಿನಲ್ಲಿ, ಹೊಗೆಯ ನಡುವೆ, ಹಣೆಗೆ ವಿಭೂತಿ ಹಚ್ಚಿದ ಸ್ಯಾಕ್ಸೋಫೋನಿನವ ಚಕ್ಕಳಮಕ್ಕಳ ಕುಳಿತು ಕಲ್ಯಾಣಿ ರಾಗ ನುಡಿಸಿದ. ಪಕ್ಕದಲ್ಲಿ ಡೋಲು. ಕಳ್ಳಸಾಗಣೆಯವ ಪಿಸ್ತೂಲು ತೆಗೆದದ್ದೇ ತಡ, ಗಟ್ಟಿಮೇಳ. ಆ ಗಲಾಟೆಯಲ್ಲಿ ಗುಂಡಿನ ಸದ್ದು ಯಾರಿಗೂ ಕೇಳಲಿಲ್ಲ ಎಂಬುದೇ ಕಥೆಯ ಗಂಟು.

ಬಾರಿನಲ್ಲಿ ಗಟ್ಟಿಮೇಳ ಬಾರಿಸುವುದಿಲ್ಲ ಮಾಷ್ಟ್ರೇ ಎಂದೆ. “ಸ್ಯಾಕ್ಸೋಫೋನ್ ಅಂದರೆ ಸ್ಯಾಕ್ಸೋಫೋನೇ ಅಲ್ಲವೇ? ಬೊಂಬಾಯಿಗೆ ಬೇರೆ ಉಂಟೋ?” ಎಂದು ನನ್ನನ್ನೇ ಕೇಳಿದರು. ನಾನೂ ಬೊಂಬಾಯಿ ನೋಡಿದವನಲ್ಲ. ತಮಾಷೆಯೆಂದರೆ, ಬಂಟ್ವಾಳ ಬಸ್‌ಸ್ಟ್ಯಾಂಡಿನ ಹತ್ತಿರ ಪುಸ್ತಕ ಬಾಡಿಗೆಗೆ ಕೊಡುವ ಒಂದು ಲೈಬ್ರರಿ ಇತ್ತು, ಅಲ್ಲಿ ಆ ಪುಸ್ತಕಕ್ಕೆ ಜನ ಸರದಿ ಹಚ್ಚುತ್ತಿದ್ದರು, ಅವರಲ್ಲಿ ಒಬ್ಬರಿಗೂ ಅದು ವಿಚಿತ್ರ ಅನಿಸಲಿಲ್ಲ. ಕಲ್ಯಾಣಿ ಚೆನ್ನಾಗಿ ಬಂದಿದೆ ಎಂದು ಪೊಳಲಿಯ ಒಬ್ಬರು ಪತ್ರ ಬರೆದಿದ್ದರು. ಮಾಷ್ಟ್ರು ಆ ಪತ್ರವನ್ನು ಒಂದು ತಿಂಗಳು ಜೇಬಿನಲ್ಲಿಟ್ಟುಕೊಂಡು ತಿರುಗಿದರು.

ಇಲ್ಲಿಯವರೆಗೆ ನಗುವ ವಿಷಯ. ನಾನೂ ಅವರನ್ನು ನಗುವುದಕ್ಕಾಗಿಯೇ ಬೆಂಚಿನ ಮೇಲೆ ಇಟ್ಟುಕೊಂಡಿದ್ದೆ. ಬೇರೆ ಯಾರಿಗೂ ತೊಂದರೆ ಕೊಡದ ದಡ್ಡತನ ಎಂದುಕೊಂಡಿದ್ದೆ.

ವಜ್ರಕಾಂತನಿಗೆ ಒಂದು ವಿದ್ಯೆ ಇತ್ತು, ಅದನ್ನು ಹೇಳಲೇಬೇಕು. ಒಮ್ಮೆ ಕೇಳಿದ ಹಾಡು ಅವನಿಗೆ ಮರೆಯುವುದಿಲ್ಲ. ಎಲ್ಲಿ ಕೇಳಿದ್ದು, ಎಷ್ಟು ಗಂಟೆಗೆ, ಆಗ ಕೋಣೆಯಲ್ಲಿ ಯಾರು ಯಾರು ಇದ್ದರು, ಯಾರ ಕೈಯಲ್ಲಿ ಯಾವ ಲೋಟ ಇತ್ತು ಎಲ್ಲ ನೆನಪು. ಪ್ರತಿ ಕಾದಂಬರಿಯ ಕೊನೆಗೂ ಕೋರ್ಟಿನಲ್ಲಿ ಎದ್ದು ನಿಂತು, ‘ಮಹಾಸ್ವಾಮಿ, ಆ ಹಾಡು ಬರುವಾಗ ಈ ಮನುಷ್ಯ ಅಲ್ಲಿರಲಿಲ್ಲ’ ಎಂದೋ ‘ಅಲ್ಲಿದ್ದ’ ಎಂದೋ ಹೇಳುತ್ತಾನೆ. ಅಪರಾಧಿ ಕುಸಿದು ಬೀಳುತ್ತಾನೆ, ನಿರಪರಾಧಿ ಬಿಡುಗಡೆಯಾಗುತ್ತಾನೆ. ಇದೊಂದನ್ನೇ ಮಾಷ್ಟ್ರು ಹತ್ತಿಪ್ಪತ್ತು ಸಲ ಬರೆದರು.

ಅದೇ ಶಾಲೆಯಲ್ಲಿ ಸಂಜೀವ ಜವಾನನಾಗಿದ್ದ. ನನ್ನ ತಂಗಿ ಜಲಜಾಕ್ಷಿಯ ಗಂಡ. ಹದಿನೇಳು ವರ್ಷ ಗಂಟೆ ಬಾರಿಸಿದ್ದ, ಒಂದು ದಿನ ಹೆಚ್ಚುಕಡಿಮೆ ಮಾಡಿದವನಲ್ಲ. ಅವನಿಗಿದ್ದ ಒಂದೇ ಹುಚ್ಚು ರೇಡಿಯೋದ ಕೋರಿಕೆ ಕಾರ್ಯಕ್ರಮ. ಆಗ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಈ ಹುಚ್ಚು ಇತ್ತು. ಕಾರ್ಡಿನಲ್ಲಿ ಒಂದು ಹಾಡಿನ ಹೆಸರು, ಅದರ ಕೆಳಗೆ ಮನೆಯ ಎಲ್ಲರ ಹೆಸರು. ಹಾಡು ಮುಖ್ಯವಲ್ಲ, ರೇಡಿಯೋದವರು ಓದಿ ಹೇಳುವ ಹೆಸರಿನ ಪಟ್ಟಿಯೇ ಮುಖ್ಯ. ಸಂಜೀವ ಎರಡು ವರ್ಷ ಪ್ರತಿ ವಾರ ಕಾರ್ಡು ಹಾಕಿದ. ಅಕ್ಷರ ಚೆನ್ನಾಗಿರಲಿ ಎಂದು ಮಗಳು ಶಶಿಕಲಾಳಿಂದ ಬರೆಸುತ್ತಿದ್ದ.

ವಾರ್ಷಿಕ ಪರೀಕ್ಷೆಯ ಹಿಂದಿನ ವಾರ. ಸಂಜೆ ಏಳೂವರೆಗೆ ಕಾರ್ಯಕ್ರಮ ಶುರುವಾಯಿತು. ಅಂಗಡಿಯಲ್ಲಿ ನಾವು ಮೂವರೇ. ಬೆಂಚಿನ ಒಂದು ತುದಿಗೆ ಮಾಷ್ಟ್ರು, ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಸಂಜೀವ, ಮೇಜಿನ ಹಿಂದೆ ನಾನು. ಮೂರನೆಯ ಹಾಡಿಗೆ ಮೊದಲು ರೇಡಿಯೋದಲ್ಲಿ ಆ ಹೆಂಗಸಿನ ಸ್ವರ, ಬೆಳ್ತಂಗಡಿಯ ಲಾಯಿಲದಿಂದ ಸಂಜೀವ, ಜಲಜಾಕ್ಷಿ, ಶಶಿಕಲಾ ಮತ್ತು ಮನೆಯವರೆಲ್ಲ ಎಂದಿತು. ಸಂಜೀವ ಎದ್ದು ನಿಂತ. ಹಾಡು ಮುಗಿಯುವವರೆಗೆ ರೇಡಿಯೋದ ಎದುರು ಕೈಮುಗಿದುಕೊಂಡೇ ನಿಂತಿದ್ದ. ಮಾಷ್ಟ್ರು ನಕ್ಕು, ಇನ್ನು ನಿನ್ನನ್ನು ಹಿಡಿಯುವವರಿಲ್ಲ ಸಂಜೀವ ಎಂದರು. ನೋಟುಪುಸ್ತಕದಲ್ಲಿ ಏನೋ ಬರೆದುಕೊಂಡರು. ಎಂಟು ಗಂಟೆಗೆ ಕಾರ್ಯಕ್ರಮ ಮುಗಿದ ಮೇಲೂ ನಾವು ಮೂವರು ಅದನ್ನೇ ಮಾತಾಡಿಕೊಂಡು ಎಂಟೂವರೆಯವರೆಗೆ ಕುಳಿತಿದ್ದೆವು.

ಅದೇ ಏಳೂವರೆ ಎಂಟೂಕಾಲರ ನಡುವೆ ಶಾಲೆಯ ಆಫೀಸಿನ ಕಪಾಟನ್ನು ಯಾರೋ ತೆರೆದು ಪ್ರಶ್ನೆಪತ್ರಿಕೆಯ ಕಟ್ಟು ಒಡೆದರು. ಏಳೂವರೆಗೆ ಬೀಗ ಹಾಕಿ ಹೋಗಿದ್ದ ಹೆಡ್‌ಮಾಷ್ಟ್ರು ಮರೆತ ಕನ್ನಡಕಕ್ಕೆಂದು ಎಂಟೂಕಾಲಿಗೆ ವಾಪಸು ಬಂದರೆ ಕಪಾಟಿನ ಬಾಗಿಲು ತೆರೆದಿತ್ತು, ಬೀಗ ಮುರಿದಿರಲಿಲ್ಲ. ಇನ್ನೊಂದು ಬೀಗದ ಕೈ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು, ಅದು ಜವಾನನಿಗೆ ಗೊತ್ತು. ಶಾಲೆಯ ಸಂಚಾಲಕರ ತಂಗಿಯ ಮಗನಿಗೂ ಗೊತ್ತು. ಎರಡು ಸಲ ಫೇಲಾಗಿದ್ದ ಅವನು ಆ ವರ್ಷವೂ ಪರೀಕ್ಷೆಗೆ ಕೂರುವವನಿದ್ದ. ಇಷ್ಟು ಹೇಳಿದರೆ ವಜ್ರಕಾಂತ ಬೇಕಾಗಿಲ್ಲ, ಯಾರಿಗೂ ಅರ್ಥವಾಗುತ್ತದೆ. ಆದರೆ ಸಂಚಾಲಕರು ಸಂಜೀವನನ್ನು ಹಿಡಿದರು.

ವಿಚಾರಣೆ ಎಂದು ಶನಿವಾರ ಮಧ್ಯಾಹ್ನ ಕರೆದರು. ಸಂಜೀವ ತಾನು ಅಂಗಡಿಯಲ್ಲಿದ್ದೆ, ತನ್ನ ಹೆಸರು ರೇಡಿಯೋದಲ್ಲಿ ಬಂತು ಎಂದ. ಹೆಸರು ಬಂದದ್ದು ಊರಿಗೆಲ್ಲ ಗೊತ್ತು, ನೀನು ಅಲ್ಲಿದ್ದದ್ದಕ್ಕೆ ಸಾಕ್ಷಿ ಯಾರು ಎಂದರು. ನಾನು ಹೇಳಿದೆ. ನೀನು ಅವನ ಭಾವ, ಬೇರೆ ಏನು ಹೇಳುತ್ತಿ ಎಂದು ಸಂಚಾಲಕರು ನನ್ನ ಮಾತನ್ನು ಅಲ್ಲಿಗೇ ಮುಗಿಸಿದರು. ಉಳಿದದ್ದು ಮಾಷ್ಟ್ರು ಒಬ್ಬರೇ. ಅವರ ಒಂದು ಮಾತಿನ ಮೇಲೆ ಹದಿನೇಳು ವರ್ಷದ ನೌಕರಿ ನಿಂತಿತ್ತು, ನನ್ನ ತಂಗಿಯ ಮನೆಯ ಒಲೆ ನಿಂತಿತ್ತು. ಹಿಂದಿನ ದಿನ ನಾನು ಅವರ ಮನೆಗೆ ಹೋಗಿ ಕೈಹಿಡಿದು ಕೇಳಿಕೊಂಡಿದ್ದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಮಾಷ್ಟ್ರೇ, ಹೆಚ್ಚು ಬೇಡ ಎಂದಿದ್ದೆ. ನೋಡುವ ಎಂದಿದ್ದರು. ಹೆಡ್‌ಮಾಷ್ಟ್ರು ಆ ಬೇಸಿಗೆ ರಜೆಯಲ್ಲೇ ನಿವೃತ್ತರಾಗುವವರಿದ್ದರು, ಆ ಕುರ್ಚಿ ಯಾರಿಗೆ ಎಂಬುದು ಸಂಚಾಲಕರ ಕೈಯಲ್ಲಿತ್ತು. ಇದು ನನಗೂ ಗೊತ್ತಿತ್ತು, ಆದರೆ ಮನುಷ್ಯ ಅಷ್ಟು ಕೆಳಗಿಳಿಯುತ್ತಾನೆ ಎಂದು ನಾನು ಎಣಿಸಿರಲಿಲ್ಲ.

ಮಾಷ್ಟ್ರು ಎದ್ದು ನಿಂತು ಪಂಚೆ ಸರಿಮಾಡಿಕೊಂಡರು. ಸಂಜೀವ ಅವರ ಮುಖವನ್ನೇ ನೋಡುತ್ತಿದ್ದ.

“ನಾನು ಅಂಗಡಿಯಲ್ಲಿದ್ದದ್ದು ಹೌದು” ಎಂದರು. “ರೇಡಿಯೋ ಇತ್ತು. ಯಾವುದೋ ಹಾಡು ಬರುತ್ತಿತ್ತು. ನಾನು ನನ್ನ ಬರವಣಿಗೆಯ ಯೋಚನೆಯಲ್ಲಿದ್ದೆ. ಯಾರು ಬಂದರು, ಯಾರು ಹೋದರು ಎಂದು ಗಮನಿಸಲಿಲ್ಲ. ಸಿನಿಮಾ ಹಾಡಿನಲ್ಲಿ ನನಗೆ ಅಷ್ಟು ಆಸಕ್ತಿ ಇಲ್ಲ.”

ಅಷ್ಟೇ. ಕುಳಿತರು. ಸಂಜೀವ ತಲೆ ತಗ್ಗಿಸಿದ. ಒಂದು ವಾರದೊಳಗೆ ಅವನನ್ನು ಕೆಲಸದಿಂದ ತೆಗೆದರು. ಶಶಿಕಲಾ ಅದೇ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಕಳ್ಳನ ಮಗಳು ಎಂದು ಕೇಳಿಸಿಕೊಂಡು ಕೂರಲಾರೆ ಎಂದು ಶಾಲೆ ಬಿಟ್ಟಳು, ಮತ್ತೆ ಹೋಗಲಿಲ್ಲ. ಸಂಸಾರ ಲಾಯಿಲದಿಂದ ಎದ್ದು ಚಾರ್ಮಾಡಿಗೆ ಹೋಯಿತು. ಘಾಟಿ ಹತ್ತುವ ಮೊದಲು ಬಸ್ಸುಗಳು ನಿಲ್ಲುವಲ್ಲಿ ಸಂಜೀವ ಒಂದು ಚಹಾದ ಗೂಡಂಗಡಿ ಇಟ್ಟ. ಮಾಷ್ಟ್ರು ಆ ಜೂನ್‌ನಲ್ಲೇ ಹೆಡ್‌ಮಾಷ್ಟ್ರಾದರು.

ಇಷ್ಟಕ್ಕೇ ನಿಂತಿದ್ದರೆ ಅವರು ಒಬ್ಬ ಸಾಮಾನ್ಯ ಹೇಡಿ. ಹೇಡಿಗಳು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ, ಅವರ ಬಗ್ಗೆ ಯಾರೂ ಬರೆಯುವುದಿಲ್ಲ. ಆದರೆ ಮಾಷ್ಟ್ರು ಸಾಹಿತಿಗಳಲ್ಲವೇ.

ಕೆಲವು ತಿಂಗಳು ಮುಖ ತಪ್ಪಿಸಿಕೊಂಡು ತಿರುಗಿದ ಮೇಲೆ ಒಂದು ಸಂಜೆ ಅಂಗಡಿಗೆ ಬಂದರು. ಕೈಯಲ್ಲಿ ಪೇಪರು ಸುತ್ತಿದ ಹೊಸ ಪುಸ್ತಕ. ಬೆಂಚಿನ ಮೇಲೆ ಕೂರದೆ ನಿಂತೇ, “ಓದು. ಸಂಜೀವನಿಗೆ ನ್ಯಾಯ ಒದಗಿಸಿದ್ದೇನೆ” ಎಂದು ಕೊಟ್ಟು ಹೋದರು. ಹೊಟ್ಟೆ ಉರಿಯುತ್ತಿದ್ದರೂ ಓದಿದೆ. ಬೊಂಬಾಯಿಯ ಒಂದು ಕಂಪೆನಿಯ ಜವಾನ. ಎರಡು ವರ್ಷ ರೇಡಿಯೋಗೆ ಕಾರ್ಡು ಹಾಕುತ್ತಾನೆ. ಒಂದು ಸಂಜೆ ರಿಪೇರಿ ಅಂಗಡಿಯಲ್ಲಿ ಅವನ ಹೆಸರು ಬರುತ್ತದೆ, ಎದ್ದು ನಿಂತು ಕೈಮುಗಿಯುತ್ತಾನೆ, ಹಾಡು ಮುಗಿಯುವವರೆಗೆ ಹಾಗೇ ನಿಲ್ಲುತ್ತಾನೆ. ಬಾಗಿಲ ಹತ್ತಿರದ ಸ್ಟೂಲು ಕೂಡ ಇತ್ತು. ಮಿಣಕುವ ನನ್ನ ಟ್ಯೂಬ್‌ಲೈಟ್ ಇತ್ತು. ಅಂದು ಬಂದ ಹಾಡು ಯಾವುದು, ಮೂರನೆಯದೋ ನಾಲ್ಕನೆಯದೋ, ನಡುವೆ ಒಂದು ಗಳಿಗೆ ಗರಗರ ಎಂದದ್ದು, ಎಲ್ಲ ಸರಿಯಾಗಿತ್ತು. ಅವರು ಬರೆದ ಅಷ್ಟೂ ಪುಸ್ತಕಗಳಲ್ಲಿ ಸಂಗೀತದ ತಪ್ಪು ಒಂದೂ ಇಲ್ಲದ್ದು ಅದೊಂದೇ. ಕೊನೆಗೆ ವಜ್ರಕಾಂತ ಕೋರ್ಟಿನಲ್ಲಿ ಎದ್ದು, ನಾನು ಅಲ್ಲೇ ಇದ್ದೆ ಮಹಾಸ್ವಾಮಿ, ಆ ಹಾಡು ನನ್ನ ಕಿವಿಯಲ್ಲಿ ಈಗಲೂ ಉಂಟು ಎನ್ನುತ್ತಾನೆ. ಜವಾನನಿಗೆ ಹಾರ ಹಾಕುತ್ತಾರೆ. ಬಂಟ್ವಾಳದ ಲೈಬ್ರರಿಯಲ್ಲಿ ಆ ಪುಸ್ತಕದ ಮೂಲೆಗಳು ಒಂದೇ ವರ್ಷದಲ್ಲಿ ಸವೆದುಹೋದವಂತೆ. ಹೆಂಗಸರು ಓದಿ ಕಣ್ಣೊರೆಸಿಕೊಂಡರಂತೆ.

ಚೆನ್ನಾಗಿ ಬರೆದಿದ್ದರು. ನನಗೆ ಹೇಸಿಗೆ ಹುಟ್ಟಿಸಿದ್ದು ಅದೇ. ಎಲ್ಲವನ್ನೂ ನೋಡಿದ್ದರು, ಎಲ್ಲವನ್ನೂ ಕೇಳಿದ್ದರು, ಒಂದನ್ನೂ ಮರೆತಿರಲಿಲ್ಲ. ಆ ಶನಿವಾರ ಬಾಯಿಂದ ಬರಬೇಕಾದ ನಾಲ್ಕು ಮಾತನ್ನು ಉಳಿಸಿಟ್ಟುಕೊಂಡು ನೂರಿಪ್ಪತ್ತು ಪುಟ ಮಾಡಿದ್ದರು.

ನನಗೂ ಬುದ್ಧಿ ಇರಲಿಲ್ಲ. ಆ ಪುಸ್ತಕ ಹಿಡಿದು ಸಂಚಾಲಕರ ಮನೆಗೆ ಹೋದೆ. ಇದು ಮಾಷ್ಟ್ರು ತಾವೇ ಬರೆದ ಸಾಕ್ಷಿ, ಈಗಲಾದರೂ ನೋಡಿ ಎಂದೆ. ಸಂಚಾಲಕರು ಎರಡು ಪುಟ ಓದಿ, ಆಳು ಕಳಿಸಿ ಹೊಸ ಹೆಡ್‌ಮಾಷ್ಟ್ರನ್ನು ಕರೆಸಿದರು. ಅವರು ಬಂದು ನನ್ನನ್ನು ಕಂಡರು, ಪುಸ್ತಕವನ್ನು ಕಂಡರು. ಇದು ನಡೆದದ್ದೋ ಎಂದು ಸಂಚಾಲಕರು ಕೇಳಿದರು.

“ಕಾದಂಬರಿ ಅಲ್ಲವೇ” ಎಂದರು ಮಾಷ್ಟ್ರು. “ಎಲ್ಲವೂ ಕಲ್ಪನೆ. ಮೊದಲ ಪುಟದಲ್ಲಿಯೇ ಹಾಕಿಸಿದ್ದೇನೆ.”

ಹೌದು, ಹಾಕಿಸಿದ್ದರು. ಸಂಚಾಲಕರು ಆ ಪುಟ ತೆಗೆದು ನನ್ನ ಕಡೆ ತಿರುಗಿಸಿ ತೋರಿಸಿದರು, ನಾನು ಓದಿಕೊಂಡು ಮನೆಗೆ ಬಂದೆ.

ಆಮೇಲೂ ಅವರು ಅಂಗಡಿಗೆ ಬರುವುದು ಬಿಡಲಿಲ್ಲ. ಮುಂದಿನ ಕೊಲೆಗೆ ಹಾಡು ಬೇಕಲ್ಲ. ಅವರ ಕೊಡೆ ರಸ್ತೆಯ ತಿರುವಿನಲ್ಲಿ ಕಂಡ ತಕ್ಷಣ ನಾನು ರೇಡಿಯೋ ಆರಿಸುತ್ತಿದ್ದೆ. ಕೆಟ್ಟಿದೆ ಮಾಷ್ಟ್ರೇ ಎನ್ನುತ್ತಿದ್ದೆ. ಸುತ್ತ ಹತ್ತು ಹನ್ನೆರಡು ರೇಡಿಯೋ ಇರುವ ಅಂಗಡಿಯಲ್ಲಿ ಒಂದೂ ಹಾಡದು. ಅವರು ಹೌದೋ ಎಂದು ಕೇಳಿ, ಬೆಂಚಿನ ಮೇಲೆ ಅರ್ಧ ಗಂಟೆ ಕುಳಿತು, ನೋಟುಪುಸ್ತಕ ತೆರೆಯದೆ ಎದ್ದು ಹೋಗುತ್ತಿದ್ದರು. ಹೀಗೆ ಒಂದೆರಡು ದಿನವಲ್ಲ, ವರ್ಷಗಟ್ಟಲೆ. ಬೈದು ಓಡಿಸಬಹುದಿತ್ತು. ಹೆಡ್‌ಮಾಷ್ಟ್ರಲ್ಲವೇ, ಶಾಲೆಯ ಮೈಕು ರಿಪೇರಿ ನನ್ನಲ್ಲೇ ಆಗುತ್ತಿತ್ತು. ನನ್ನ ಧೈರ್ಯವೂ ರೇಡಿಯೋದ ಬಟನ್ ತಿರುಗಿಸುವಷ್ಟೇ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ನಿವೃತ್ತಿಯಾದ ಮೇಲೆ ಬರುವುದು ನಿಂತಿತು, ಬರೆಯುವುದೂ ನಿಂತಿತು. ಟೀವಿ ಬಂದು ಪ್ರೆಸ್ಸಿನವರಿಗೂ ಅಂಥ ಪುಸ್ತಕ ಬೇಡವಾಗಿತ್ತು.

ಸಂಚಿಕೆಯ ಹುಡುಗರಿಗೆ ಅರ್ಧ ಪುಟ ಕೊಟ್ಟ ಮೇಲೆ ನನಗೆ ಸಮಾಧಾನ ಆಗಲಿಲ್ಲ. ಒಳ್ಳೆಯ ಮಾತು ಬರೆದು ತಂಗಿಯ ಮನೆಗೆ ದ್ರೋಹ ಮಾಡಿದೆನೋ ಅನಿಸಿತು. ಮರುದಿನ ಬೆಳಿಗ್ಗೆಯ ಬಸ್ಸಿಗೆ ಚಾರ್ಮಾಡಿಗೆ ಹೋದೆ. ಸಂಜೀವ ಒಲೆಯ ಮುಂದಿದ್ದ. ಕೂದಲು ಪೂರ್ತಿ ಬೆಳ್ಳಗಾಗಿದೆ. ಮಾಷ್ಟ್ರು ಹೋದರು ಎಂದೆ. ಗೊತ್ತುಂಟು ಎಂದ. ನಾನು ಬರೆದುಕೊಟ್ಟದ್ದನ್ನು ಹೇಳಿದೆ. ಬಸ್ಸು ಬಂತು, ಜನ ಇಳಿದು ಚಹಾ ಕುಡಿದು ಹತ್ತಿದರು. ಅಂಗಡಿ ಖಾಲಿಯಾದ ಮೇಲೆ, ಕಳೆದ ವರ್ಷ ಅವರು ಇಲ್ಲಿಗೆ ಬಂದಿದ್ದರು ಭಾವ ಎಂದ. ಹೇಳಿದರೆ ನನಗೆ ಕೋಪ ಬರುತ್ತದೆ ಎಂದು ಇಷ್ಟು ದಿನ ಹೇಳಿರಲಿಲ್ಲವಂತೆ.

ಒಬ್ಬರೇ ಬಂದಿದ್ದರಂತೆ. ಉಳಿದವರೆಲ್ಲ ಬಸ್ಸು ಹತ್ತಿ ಹೋಗುವವರೆಗೆ ಕಾದು ಕುಳಿತಿದ್ದರಂತೆ. ಆಮೇಲೆ ಸುತ್ತ ನೋಡಿ, ದನಿ ತಗ್ಗಿಸಿ, ಅದೂ ಒಂದು ದಿನವೂ ಆಡದ ತುಳುವಿನಲ್ಲಿ, ಆ ದಿನದ್ದು ನನಗೆ ಎಲ್ಲ ನೆನಪುಂಟು ಸಂಜೀವ, ನೀನು ಅಲ್ಲಿದ್ದೆ, ನಿನ್ನ ಹೆಸರು ಬಂತು, ನೀನು ಕೈಮುಗಿದು ನಿಂತಿದ್ದೆ, ನಾನು ನೋಡಿದ್ದೇನೆ ಎಂದರಂತೆ. ಹೇಳಿ ಮುಗಿಸಿ ಅತ್ತರಂತೆ.

ನೀನು ಏನು ಹೇಳಿದೆ ಎಂದು ಕೇಳಿದೆ. ಸಂಜೀವ ಲೋಟಗಳನ್ನು ಬಕೆಟ್ಟಿನ ನೀರಿಗೆ ಹಾಕುತ್ತಿದ್ದ.

“ಏನು ಹೇಳುವುದು ಭಾವ? ನನಗೆ ಯಾಕೆ ಹೇಳ್ತೀರಿ ಮಾಷ್ಟ್ರೇ, ನಾನು ಅಲ್ಲೇ ಇದ್ದೆನಲ್ಲ ಎಂದೆ.”